ಚೆಲ್ಲಮ್ಮಾಳ್ ಹೊಲಕ್ಕೆ ಹಿಡಿದ ನಾಲ್ಕು ಹಸಿರು

ಇದನ್ನು ಬರೆಯುತ್ತಿರುವವನು ಚೆಲ್ಲಮ್ಮಾಳನ್ನು ಮೊದಲು ಕಂಡದ್ದು ಕಂಬಂ ಕಡೆಗೆ ಹೋಗುವ ಬಸ್ಸಿನ ಕಿಟಕಿಯಿಂದ. ಚಿನ್ನಮನೂರು ದಾಟಿದ ಮೇಲೆ ಯಾರದೋ ಆಡೊಂದು ರಸ್ತೆಯ ನಡುವೆ ನಿಂತು ಬಸ್ಸನ್ನು ತಡೆದಿತ್ತು. ಡ್ರೈವರು ಆಡಿಗೆ ತಮಿಳಿನಲ್ಲಿ ಬುದ್ಧಿವಾದ ಹೇಳುತ್ತಿದ್ದ. ಎಡಗಡೆಯ ಎಳ್ಳಿನ ಹೊಲದಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಸೂರ್ಯನಿಗೆ ಬೆನ್ನು ಹಾಕಿ ನಿಂತು, ಗಿಡದ ಎಲೆಯ ಪಕ್ಕಕ್ಕೆ ಹಸಿರು ರವಿಕೆ ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ಹಿಡಿದು ನೋಡುತ್ತಿದ್ದಳು. ಒಂದನ್ನು ಹಿಡಿದು ಮೂಗು ಮುರಿದಳು. ಇನ್ನೊಂದನ್ನು ಹಿಡಿದು ತಲೆಯಾಡಿಸಿದಳು. ಆಮೇಲೆ ಹತ್ತು ಹೆಜ್ಜೆ ನಡೆದು ಮತ್ತೊಂದು ಗಿಡದ ಮುಂದೆ ಅದೇ ಆಟ.

ಸೀರೆಗೆ ರವಿಕೆ ಹೊಂದಿಸುವವರನ್ನು ಕಂಡಿದ್ದೇವೆ, ಹೊಲಕ್ಕೇ ರವಿಕೆ ಹೊಂದಿಸುವವಳು ಈಕೆ ಒಬ್ಬಳೇ ಇರಬೇಕು ಎಂದು ಬರೆಯುವವನು ತೀರ್ಮಾನಿಸಿದ. ಕಳೆ ಕೀಳಲು ಬರುವಾಗಲೂ ಬೆಳೆಯ ಬಣ್ಣಕ್ಕೆ ಒಪ್ಪುವ ರವಿಕೆಯನ್ನೇ ತೊಡುವ ಕಂಬಂ ಕಣಿವೆಯ ಷೋಕಿಯ ಬಗ್ಗೆ ಎರಡು ವರ್ಷ ಮದುವೆಮನೆಯ ಪಂಕ್ತಿಗಳಲ್ಲಿ ಕತೆ ಹೇಳಿ ನಗಿಸಿದ. ಮೂರನೆಯ ವರ್ಷ ಅದೇ ಊರಿನವರೊಬ್ಬರ ಮುಂದೆ ಹೇಳಿ ಕೆಟ್ಟ. ಅವರು ನಗಲಿಲ್ಲ. ಪಾಯಸದ ಲೋಟ ಕೆಳಗಿಟ್ಟು, "ಸ್ವಾಮಿ, ಆಕೆ ಹೊಲಕ್ಕೆ ರವಿಕೆ ಹೊಂದಿಸ್ತಿರ್ಲಿಲ್ಲ, ರವಿಕೆಗೆ ಹೊಲ ಹೊಂದಿಸ್ತಿದ್ಲು" ಎಂದರು. ಆ ಮಾತು ಬಿಡಿಸಿಕೊಳ್ಳಲು ಹೋದಾಗ ಸಿಕ್ಕಿದ್ದು ಈ ಕತೆ.

ಚೆಲ್ಲಮ್ಮಾಳ್ ಹುಟ್ಟಿನಿಂದ ರೈತರ ಮನೆಯವಳು, ಕಸುಬಿನಿಂದ ರವಿಕೆ ಹೊಲಿಯುವವಳು. ಅವಳ ಮನೆಯವರು ಎಷ್ಟೋ ತಲೆಮಾರುಗಳ ಹಿಂದೆ ಕನ್ನಡವನ್ನೂ ದನಗಳನ್ನೂ ಹೊಡೆದುಕೊಂಡು ಈ ಕಣಿವೆಗೆ ಇಳಿದವರು. ದನಗಳು ಕಡಿಮೆಯಾಗಿವೆ, ಕನ್ನಡ ಮನೆಯೊಳಗೆ ಉಳಿದಿದೆ. ಸುತ್ತ ನಾಲ್ಕು ಬೀದಿಯ ಹೆಂಗಸರಿಗೆ ಅವಳೇ ಹೊಲಿಗೆಯವಳು. ಅವಳ ಕೈಗಿಂತ ಕಣ್ಣಿಗೆ ಹೆಸರು ಹೆಚ್ಚು. ಸೀರೆಯ ಸೆರಗನ್ನು ಒಮ್ಮೆ ನೋಡಿದರೆ ಸಾಕು, "ಇದು ಗಿಳಿ ಹಸಿರಲ್ಲ ಅಕ್ಕಾ, ಗಿಳೀನ ಎರಡು ಸಲ ಒಗೆದ ಹಸಿರು" ಎನ್ನುವಳು. ಅಂಗಡಿಯವನು ಬೇರೆ ಬಣ್ಣದ ತುಂಡು ಕೊಟ್ಟು ಕಳಿಸಿದ್ದರೆ ಬಸ್ಸು ಹತ್ತಿ ಹೋಗಿ ವಾಪಸು ಕೊಟ್ಟು ಬರುವಳು.

ಹಸಿರು ತುಂಡುಗಳ ಕತೆ ಶುರುವಾದದ್ದು ಕೃಷಿ ಇಲಾಖೆಯವರ ಒಂದು ಸಭೆಯಲ್ಲಿ. ಆಫೀಸರು ಬತ್ತದ ಎಲೆಗೆ ಹಿಡಿದು ನೋಡುವ ಒಂದು ಪಟ್ಟಿಯನ್ನು ತೋರಿಸಿದರು. ಅದರಲ್ಲಿ ತಿಳಿಯಿಂದ ಕಡುವಿನವರೆಗೆ ಹಸಿರು ಗೆರೆಗಳು. ಎಲೆ ಯಾವ ಗೆರೆಗೆ ಹೋಲುತ್ತದೋ ಅದನ್ನು ನೋಡಿ ಯೂರಿಯಾ ಕೊಡಬೇಕೋ ಬೇಡವೋ ಎಂದು ತಿಳಿಯಬಹುದಂತೆ. ಗಂಡಸರು ಪಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿ ಬಿಸ್ಕತ್ತಿನ ತಟ್ಟೆಗೆ ಕಾದರು. ಹಿಂದಿನ ಸಾಲಿನಲ್ಲಿದ್ದ ಚೆಲ್ಲಮ್ಮಾಳ್ ಮಾತ್ರ ಎದ್ದು ನಿಂತಳು.

"ಸಾರ್, ಇದು ಎಳ್ಳಿಗೆ ಆತದಾ?"

"ಇಲ್ಲಮ್ಮಾ, ಬತ್ತಕ್ಕೆ ಮಾತ್ರ."

ಅವಳಿಗೆ ಇದರಲ್ಲಿ ತೊಡಕೇನೂ ಕಾಣಲಿಲ್ಲ. ಸೀರೆ ಬೇರೆಯಾದರೆ ತುಂಡು ಬೇರೆ ತರಬೇಕು, ಅಷ್ಟೆ.

ಮಾರನೆಯ ವಾರ ಎಳ್ಳಿನ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ತಿಂಡಿಡಬ್ಬಿಯಲ್ಲಿಟ್ಟುಕೊಂಡು ದಿಂಡಿಗಲ್‌ಗೆ ಹೊರಟಳು. ಅರ್ಧ ದಾರಿಯಲ್ಲೇ ಎಲೆ ಬಾಡಿ ಬಣ್ಣಗೆಟ್ಟಿತು. ಇನ್ನೊಂದು ಸಲ ಗಿಡವನ್ನೇ ಬೇರುಸಮೇತ ಎತ್ತಿ ಹಳೆಯ ಬಣ್ಣದ ಡಬ್ಬಿಯಲ್ಲಿ ನೆಟ್ಟುಕೊಂಡು ಹೋದಳು. ಕಂಡಕ್ಟರು ಅದಕ್ಕೆ ಲಗೇಜು ಹಾಕಬೇಕೋ ಅರ್ಧ ಟಿಕೆಟ್ಟೋ ಎಂದು ಬಹಳ ಹೊತ್ತು ಯೋಚಿಸಿದ. ಬಟ್ಟೆ ಅಂಗಡಿಯವನು, "ಯಾವ ಸೀರೆಗೆ ಅಮ್ಮಾ?" ಎಂದು ಕೇಳಿದ. "ಎಳ್ಳಿಗೆ" ಎಂದಳು. ಅವನು ಶ್ರದ್ಧೆಯಿಂದ ಕಪ್ಪು ಬಟ್ಟೆಗಳನ್ನೆಲ್ಲ ಇಳಿಸಿದ. ಡಬ್ಬಿಯಲ್ಲಿದ್ದ ಗಿಡವನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟ ನಂತರ ಅವನ ಮುಖ ನೋಡಬೇಕಾಗಿತ್ತಂತೆ. ಇಪ್ಪತ್ತಾರು ಬಗೆಯ ಹಸಿರು ತೆಗೆಸಿ ಎಂಟು ಕತ್ತರಿಸಿಕೊಂಡಳು. ಮನೆಗೆ ಬಂದವಳೇ ಎಲ್ಲವನ್ನೂ ಮೊದಲು ನೀರಿನಲ್ಲಿ ನೆನೆಹಾಕಿದಳು. ಬಣ್ಣ ಬಿಡುವ ಬಟ್ಟೆ ನಂಬಿ ರವಿಕೆಯನ್ನೇ ಹೊಲಿಯುವುದಿಲ್ಲ, ಹೊಲ ಮಾಡಲಾದೀತೇ?

ರಸ್ತೆ ಬದಿಯ ಎರಡು ಎಕರೆ ಅವಳಿಗೆ ತಾಯಿ ಅಳಗಮ್ಮಾಳ್ ಕಡೆಯಿಂದ ಬಂದದ್ದು. ಪಟ್ಟಾ ಅವಳ ಹೆಸರಿನಲ್ಲಿತ್ತು, ಮಾತು ಗಂಡನ ಹೆಸರಿನಲ್ಲಿತ್ತು. ಆದರೂ ಬಾವಿಯ ಪಕ್ಕದ ಮೂವತ್ತು ಸಾಲನ್ನು ಆಕೆ ಕಾಡಿ ಬೇಡಿ ಪಡೆದಳು. ಹತ್ತು ಸಾಲಿಗೆ ಗಿಡಕ್ಕೆ ಒಂದು ಚಿಟಿಕೆ ಯೂರಿಯಾ, ಹತ್ತಕ್ಕೆ ಅರ್ಧ ಚಿಟಿಕೆ, ಹತ್ತಕ್ಕೆ ಏನೂ ಇಲ್ಲ. ಪ್ರತಿ ಹತ್ತಕ್ಕೆ ಒಂದು ಕೋಲು, ಮೂವತ್ತನೆಯ ದಿನ ಎಲೆಗೆ ಹೋಲಿದ ತುಂಡು ಆ ಕೋಲಿನ ತುದಿಗೆ. ಊರವರು ಹರಕೆ ಕೋಲೆಂದು ಕೈಮುಗಿದು ಹೋದರು. ಕೊಯ್ಲಿಗೆ ಮುಂಚೆ ಗಿಡಗಿಡದ ಕಾಯಿ ಎಣಿಸಿದಳು. ಹೀಗೆ ಮೂರು ಬೇಸಿಗೆ. ಕೊನೆಗೆ ಎಂಟರಲ್ಲಿ ನಾಲ್ಕೇ ತುಂಡು ಉಳಿದವು.

ಒಂದು, ಎಳೆ ಬಾಳೆಎಲೆಯ ಹಸಿರು. ಹಾಗಿದ್ದರೆ ಗಿಡ ಹಸಿದಿದೆ. ಎರಡು, ಗಿಳಿ ಹಸಿರು. ಕೊಡಬೇಕು, ಆದರೆ ಬೆರಳ ತುದಿಯಲ್ಲಿ. ಮೂರು, ವೀಳ್ಯದೆಲೆಯ ಹಸಿರು. ಸಾಕು, ಕೈ ತೊಳೆದುಕೊ. ನಾಲ್ಕು, ಬಾಟಲ್ ಹಸಿರು. ಇದು ಅಜೀರ್ಣ. ನಾಲ್ಕಕ್ಕೆ ಹೋದ ಸಾಲು ಅವಳ ಭುಜದೆತ್ತರ ಬೆಳೆದು, ಎಲೆ ಅಗಲಿಸಿ, ಕಾಯಿ ಮರೆತು, ಮೊದಲ ಗಾಳಿಗೇ ಪಕ್ಕದ ಸಾಲಿನ ಹೆಗಲ ಮೇಲೆ ಒರಗಿತ್ತು.

ಕೊಡುವ ರೀತಿಯನ್ನೂ ಅವಳೇ ಕಂಡುಕೊಂಡಳು. ನೀರು ಹಾಯಿಸಿ, ಮಣ್ಣು ಕಾಲಿಗೆ ಅಂಟದಷ್ಟು ಆರಿದ ಮೇಲೆ, ಬುಡದಿಂದ ಗೇಣು ದೂರದಲ್ಲಿ ಬೆರಳಿನಿಂದ ಗೆರೆ ಎಳೆದು, ಅದರಲ್ಲಿ ಹಾಕಿ ಮಣ್ಣು ಮುಚ್ಚುವುದು. "ಬಾಯಿಗೆ ತುತ್ತು ಕೊಡ್ಬೇಕು, ತಲೆ ಮೇಲೆ ಅನ್ನ ಸುರಿಬಾರ್ದು" ಎಂದು ಕೂಲಿಗೆ ಬಂದ ಹೆಂಗಸರಿಗೆ ಹೇಳುವಳು.

ತಲೆಯ ಮೇಲೆ ಸುರಿಯುವವರು ಯಾರೆಂದು ಹೆಂಗಸರಿಗೆ ಗೊತ್ತಿತ್ತು.

ಮಾಯಾಂಡಿಯವರು ಚೆಲ್ಲಮ್ಮಾಳ ಗಂಡ. ಒಮ್ಮೆ ಮಧುರೆಯಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದಾಗಿನಿಂದ 'ಮುನ್ನೋಡಿ ವಿವಸಾಯಿ', ಅಂದರೆ ಮುಂಚೂಣಿಯ ರೈತ. ಆ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದರು. ಬೇರೆಯವರ ಮದುವೆಗಳಿಗೆ ಹಾಕುವ ಫ್ಲೆಕ್ಸುಗಳಲ್ಲಿ ವರನಿಗಿಂತ ಒಂದೇ ಒಂದು ಬೆರಳು ಚಿಕ್ಕದಾಗಿ ಅವರ ಚಿತ್ರ ಇರುತ್ತಿತ್ತು. ಬಿಳಿ ಅಂಗಿ ಕೊಳೆಯಾಗದ ಹಾಗೆ ಬೇಸಾಯ ಮಾಡುವ ವಿದ್ಯೆ ಅವರಿಗೆ ಕರಗತ. ಉರಿಬಿಸಿಲಿನ ಮಧ್ಯಾಹ್ನ, ಹೊಲದಲ್ಲಿ ನೀರು ಹರಿಯುತ್ತಿರುವಾಗಲೇ ಬದುವಿನ ಮೇಲೆ ನಿಂತು, ಮದುವೆಯಲ್ಲಿ ಅಕ್ಷತೆ ಹಾಕಿದ ಹಾಗೆ ಯೂರಿಯಾ ಎರಚುವರು. ಬಿಸಿಲಿಗೆ ಸೇರಿದ್ದು ಬಿಸಿಲಿಗೆ, ನೀರಿಗೆ ಸೇರಿದ್ದು ನೀರಿಗೆ. ಮಿಕ್ಕಿದ್ದು ಎಳ್ಳಿಗೆ. ಅವರ ಬಾವಿಯಲ್ಲಿ ಪಾಚಿ ಬೆಳೆಯುತ್ತಿದ್ದ ಪರಿ ನೋಡಿದರೆ ಅದಕ್ಕೇ ಒಂದು ಸರ್ಟಿಫಿಕೇಟು ಕೊಡಬಹುದಿತ್ತು.

ಆದರೆ ಅವರೊಬ್ಬರನ್ನೇ ಆಡಿಕೊಂಡು ಫಲವಿಲ್ಲ. ಆ ಊರಿನಲ್ಲಿ 'ಸಮ್ಮಂದಿ ಉರ' ಎಂಬುದೊಂದಿದೆ. ಸಮ್ಮಂದಿ ಎಂದರೆ ಬೀಗರು, ಉರ ಎಂದರೆ ಗೊಬ್ಬರ. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುವುದಕ್ಕೆ ಒಂದು ವಾರ ಮುಂಚೆ ರಸ್ತೆ ಬದಿಯ ಹೊಲಕ್ಕೆ ಯೂರಿಯಾ ಕೊಡುತ್ತಾರೆ. ಬೆಳೆಗೆ ಬೇಕೋ ಬೇಡವೋ, ಅದು ಬೇರೆ ವಿಷಯ. ವ್ಯಾನಿನ ಕಿಟಕಿಯಿಂದ ಕಂಡಾಗ ಹೊಲ ಕಪ್ಪಗೆ ಹಸಿರಾಗಿರಬೇಕು. ಮನೆಗೆ ಸುಣ್ಣ ಬಳಿದ ಹಾಗೆ, ಹೊಲಕ್ಕೆ ಯೂರಿಯಾ. ಮದುವೆ ಕುದುರುತ್ತದೆ, ಎಳ್ಳು ಕೆಡುತ್ತದೆ. ಎಳ್ಳು ಕೆಟ್ಟಿದ್ದಕ್ಕೆ ಎಲ್ಲರೂ ಗಾಳಿಯನ್ನು ಬೈಯುತ್ತಾರೆ.

ಆ ವರ್ಷ ಮೊದಲ ಬಾರಿಗೆ ಎರಡೂ ಎಕರೆಯನ್ನು ಚೆಲ್ಲಮ್ಮಾಳ್ ತನ್ನ ನಾಲ್ಕು ತುಂಡಿನ ಲೆಕ್ಕದಲ್ಲೇ ಮಾಡಿದ್ದಳು. ಶಿವರಾತ್ರಿ ಕಳೆದ ಮೇಲೆ, ಮಾಸಿ ತಿಂಗಳಲ್ಲಿ ಬಿತ್ತಿದ್ದು. ಎಳ್ಳು ಮೊಣಕಾಲು ದಾಟಿ ಹೂ ಇಡುತ್ತಿರುವಾಗ ಅವಳ ಮಗ ಜೀವಾನಿಗೆ ತೇವಾರಂ ಎಂಬ ಊರಿನಿಂದ ಸಂಬಂಧ ಬಂತು. ಜೀವಾ ಕೊಡೈಕಾನಲ್‌ನ ಒಂದು ಹೋಟೆಲಿನ ಅಡಿಗೆಮನೆಯಲ್ಲಿ ಕೆಲಸದಲ್ಲಿದ್ದ. ಹುಡುಗಿ ಅಮುದಾ. ಇಬ್ಬರಿಗೂ ಮನೆಯ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿ ತೆರೆದರೆ ಮಾತ್ರ ತಮಿಳು. ಫೋನಿನಲ್ಲಿ ಮಾತಾಡಿ ಒಪ್ಪಿಕೊಂಡಾಗಿತ್ತು. ಹಿರಿಯರು ಮನೆ ನೋಡುವುದೊಂದು ಬಾಕಿ.

"ಚೆಲ್ಲೀ, ಬರೋ ಭಾನುವಾರ ಸಮ್ಮಂದಿಗಳು ಬತ್ತಾರೆ" ಎಂದರು ಮಾಯಾಂಡಿಯವರು. "ನಾಳೇನೇ ಉರ ಹಾಕ್ಬೇಕು."

"ಹೊಲ ಮೂರಲ್ಲಿ ಅದೆ ಮಾಮಾ. ಏನೂ ಬೇಕಿಲ್ಲ" ಎಂದಳು ಚೆಲ್ಲಮ್ಮಾಳ್. ಆ ಕಡೆ ಹೆಂಡತಿ ಗಂಡನನ್ನು ಕರೆಯುವುದು ಮಾಮಾ ಎಂದೇ.

"ಹೊಲಕ್ಕೆ ಯಾರು ಹಾಕ್ತಾರೆ? ಸಮ್ಮಂದಿಗೆ ಹಾಕೋದು."

"ಹಂಗಾದ್ರೆ ಅವ್ರು ಬಂದಾಗ ಎಲೆ ಮೇಲೆ ಬಡ್ಸು."

ಮಾಯಾಂಡಿಯವರಿಗೆ ಕೋಪ ಬಂದರೆ ಟವೆಲನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಹಾಕಿಕೊಳ್ಳುವುದು ರೂಢಿ. ಈಗ ಹಾಕಿಕೊಂಡರು. "ನೋಡು ಪುಳ್ಳೆ, ಪಕ್ಕದ ಕಾಮರಾಜ್ ಹೊಲ ನೋಡು, ಕರೀ ಮೋಡ ಇಳಿದಂಗದೆ. ನಮ್ಮದು ಜ್ವರ ಬಂದೆದ್ದಂಗದೆ. ಸಮ್ಮಂದಿಗಳು ಮುಖ ಸೊಟ್ಟ ಮಾಡಿದ್ರೆ ಇದೇ ಕೊನೆ ಎಳ್ಳು. ಕೊಯ್ಲಾದ ಮಾರನೇ ದಿನ ಹೊಲ ಎಳಿಲ್ ಕೈಗೆ. ಬಾಳೆ ಹಾಕ್ಲಿ."

ಎಳಿಲ್ ಎಂಬವನು ಸುತ್ತಲಿನ ಹೊಲಗಳನ್ನೆಲ್ಲ ಐದೈದು ವರ್ಷಕ್ಕೆ ಗುತ್ತಿಗೆ ಹಿಡಿದು ಬಾಳೆ ಬೆಳೆಯುತ್ತಿದ್ದ ಮನುಷ್ಯ. ಮಾತು ಬರಿಯ ಬೆದರಿಕೆಯಲ್ಲವೆಂದು ಚೆಲ್ಲಮ್ಮಾಳಿಗೆ ತಿಳಿದದ್ದು ಮರುದಿನ, ಎಳಿಲ್ ಟೇಪು ಹಿಡಿದು ಬದುವಿನ ಉದ್ದ ಅಳೆಯುತ್ತಿದ್ದುದನ್ನು ಕಂಡಾಗ. ಬಾಳೆ ಬಂದರೆ ಐದು ವರ್ಷ ಅವಳು ತನ್ನ ಹೊಲಕ್ಕೆ ನೆಂಟಳು. ಆ ಮನೆಯಲ್ಲಿ ಯಾವ ಮಾತಿಗೂ ಅವಳ ಮಾತು ಕೊನೆಯದಾಗಿರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಮತ್ತು ಆ ಎಳ್ಳಿನ ಸಾಲುಗಳ ನಡುವೆ ಮಾತ್ರ ಅವಳ ಕಣ್ಣು ಹೇಳಿದ್ದೇ ನಡೆಯುತ್ತಿತ್ತು. ಅದರಲ್ಲಿ ಅರ್ಧ ಹೋಗುವುದರಲ್ಲಿತ್ತು. ಹೋಗದಿರಲು ಒಂದೇ ದಾರಿ, ಸಮ್ಮಂದಿ ಉರ ಹಾಕಿ ಬೆಳೆಯನ್ನು ತಾನೇ ಕೆಡಿಸುವುದು. ಕೆಟ್ಟರೆ, "ನಿನ್ನ ಬಟ್ಟೆ ತುಂಡಿನ ಬೇಸಾಯ ನೋಡಿದ್ವಲ್ಲ" ಎಂದು ಹೇಳಿ ಹೇಗೂ ಎಳಿಲ್‌ಗೆ ಕೊಡುತ್ತಾರೆ.

ಆಕೆ ವಾದ ಮಾಡಲಿಲ್ಲ. ಉಗ್ರಾಣದಲ್ಲಿ ಉಳಿದಿದ್ದ ಎರಡು ಮೂಟೆ ಯೂರಿಯಾವನ್ನು ಎಳೆದು ತಂದು ಹೊಲಿಗೆ ಯಂತ್ರದ ಮುಂದೆ ಒಂದರ ಮೇಲೊಂದು ಹಾಕಿ, ಮೇಲೆ ಮಡಿಸಿದ ಜಮಖಾನ ಹಾಸಿ, ಅದರ ಮೇಲೆ ಕೂತು ರವಿಕೆ ಹೊಲಿಯತೊಡಗಿದಳು. ಮದುವೆಯ ಕಾಲ, ಹೊಲಿಯಲು ಬೇಕಾದಷ್ಟಿತ್ತು. ಮಾಯಾಂಡಿಯವರು ಎರಡು ದಿನ ಮೂಟೆ ಹುಡುಕಿದರು. ಮೂರನೆಯ ದಿನ ಕಂಡುಹಿಡಿದರು. ಆದರೆ ಅಳತೆ ಕೊಡಲು ಬಂದ ನಾಲ್ಕು ಹೆಂಗಸರ ಮುಂದೆ ಹೆಂಡತಿಯನ್ನು ಎಬ್ಬಿಸಿ ಮೂಟೆ ಎಳೆಯುವುದು ಮುನ್ನೋಡಿ ವಿವಸಾಯಿಗೆ ಒಪ್ಪುವ ಕೆಲಸವಲ್ಲ. ಸೊಸೈಟಿಯಲ್ಲಿ ಆ ವಾರ ಯೂರಿಯಾ ಬಂದಿರಲಿಲ್ಲ. ಕೊನೆಗೆ ಕಾಮರಾಜ್ ಹತ್ತಿರ ಹೋಗಿ ಒಂದು ಮೂಟೆ ಕಡ ಕೇಳಿದರು.

"ಉರ ಎಲ್ಲಾ ಹೊಲಕ್ಕೆ ಹಾಕ್ಬಿಟ್ಟೆ ಅಣ್ಣೇ" ಎಂದ ಕಾಮರಾಜ್. "ಉರ ಇಲ್ಲ. ಬೇಕಂದ್ರೆ ಭಾನುವಾರ ಒಂದು ಗಂಟೆ ಹೊಲಾನೇ ಇಟ್ಕೋ."

ಅವನು ಹೇಳಿದ್ದು ತಮಾಷೆಗೆ. ಮಾಯಾಂಡಿಯವರು ತಮಾಷೆ ಅರ್ಥವಾಗುವ ಸ್ಥಿತಿಯಲ್ಲಿರಲಿಲ್ಲ. ಟವೆಲು ನಿಧಾನವಾಗಿ ಎಡ ಹೆಗಲಿಗೆ ಬಂತು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ತೇವಾರದ ವ್ಯಾನು ಬಂತು. ಹುಡುಗಿಯ ತಂದೆ ತಮಿಳ್‌ಸೆಲ್ವನ್, ಅಮುದಾ, ಇಬ್ಬರು ನೆಂಟರು. ಮುಂದಿನ ಸೀಟಿನಲ್ಲಿ ಹುಡುಗಿಯ ಅಜ್ಜಿ ಕರುಪ್ಪಾಯಿ. ಎಪ್ಪತ್ತೈದು ದಾಟಿದ ಆಕೆ ಜೀವಮಾನವಿಡೀ ಮಳೆ ನಂಬಿ ಕಡಲೆಕಾಯಿ, ಹರಳು, ಎಳ್ಳು ಬೆಳೆದವಳು. ಮನೆಯಲ್ಲಿ ಕಾಫಿಯಾಯಿತು, ಸರ್ಟಿಫಿಕೇಟಿನ ದರ್ಶನವಾಯಿತು. "ಹೊಲ ನೋಡಿಬಿಡಾಣ" ಎಂದು ಮಾಯಾಂಡಿಯವರೇ ಅವಸರ ಮಾಡಿ ಎಲ್ಲರನ್ನೂ ವ್ಯಾನಿಗೆ ಹತ್ತಿಸಿದರು. ಚೆಲ್ಲಮ್ಮಾಳ್ ಹಿಂದಿನ ಸೀಟಿನಲ್ಲಿ ಜೀವಾನ ಪಕ್ಕ ಕೂತಳು. ನಾಲ್ಕು ತುಂಡುಗಳು ಸೆರಗಿನ ಗಂಟಿನಲ್ಲಿದ್ದವು.

ವ್ಯಾನು ಅವಳ ಹೊಲದ ಮುಂದೆ ಬಂತು. ನಿಲ್ಲಲಿಲ್ಲ. ಇನ್ನೂ ಮುಂದೆ ಹೋಗಿ ಕಾಮರಾಜನ ಹೊಲದ ಎದುರು ನಿಂತಿತು.

ಮಾಯಾಂಡಿಯವರು ಇಳಿದು, ಕೈಯನ್ನು ಅಲ್ಲಿಂದ ಇಲ್ಲಿಯವರೆಗೆ ಬೀಸಿದರು. "ಇದೇ ನಮ್ಮ ಹೊಲ."

ಮೊದಲು ಚೆಲ್ಲಮ್ಮಾಳಿಗೆ ಗಂಡನ ಕಣ್ಣಿಗೆ ಏನೋ ಆಯಿತೆಂದು ಗಾಬರಿಯಾಯಿತು. ಮರುಕ್ಷಣ ಅರ್ಥವಾಯಿತು. ಎಳಿಲ್ ಅಳೆದುಕೊಂಡು ಹೋದದ್ದನ್ನು ಈ ಮನುಷ್ಯ ಅಳೆಯದೆಯೇ ಬಿಟ್ಟುಕೊಟ್ಟುಬಿಟ್ಟ! ಬಾಯಿ ತೆರೆದರೆ ಮಗನ ಮದುವೆಗೆ ಮುಂಚೆಯೇ ಅವನ ಅಪ್ಪನ ಮಾನ ಹೋಗುತ್ತದೆ. ಸುಮ್ಮನಿದ್ದರೆ ಅವಳ ಹೊಲ ನಾಲ್ಕು ಜನರ ಮುಂದೆ ಯಾರದೋ ಆಗುತ್ತದೆ. ಜೀವಾ ತಾಯಿಯ ಮುಖ ನೋಡಿದ. ಆಕೆ, ತಡಿ, ಎಂಬಂತೆ ಅವನ ಮೊಣಕೈ ಹಿಡಿದಳು. ದಾರ ಸಿಕ್ಕಾದಾಗ ಜಗ್ಗಬಾರದೆಂದು ಹೊಲಿಗೆಯವರಿಗೆ ಗೊತ್ತಿರುತ್ತದೆ.

ಕರುಪ್ಪಾಯಿ ವ್ಯಾನಿನಿಂದ ಇಳಿದು, ಸೀರೆ ಎತ್ತಿ ಕಟ್ಟಿ, ಸೀದಾ ಹೊಲದೊಳಕ್ಕೆ ನಡೆದಳು. ಇದನ್ನು ಮಾಯಾಂಡಿಯವರು ಯೋಚಿಸಿರಲಿಲ್ಲ. ಸಮ್ಮಂದಿಗಳು ರಸ್ತೆಯಿಂದ ನೋಡುವುದು ಪದ್ಧತಿ.

"ಬಿತ್ತಿ ಎಷ್ಟು ದಿನ ಆತು?"

"ನಲವತ್ತು ಅತ್ತೆ."

"ಹೂವೆಲ್ಲಿ?"

ಮಾಯಾಂಡಿಯವರು ಗಿಡಗಳನ್ನು ನೋಡಿದರು. ಎಲೆಗಳು ಆನೆ ಕಿವಿಯ ಹಾಗೆ ಅಗಲವಾಗಿದ್ದವು. ಹೂವಿನ ಸುಳಿವು ಅಲ್ಲೊಂದು ಇಲ್ಲೊಂದು. "ಬತ್ತದೆ ಅತ್ತೆ. ಒಳಗೆ ಅದೆ."

"ಎಷ್ಟು ಉರ ಹಾಕಿದ್ದು?"

ಇದು ಅವರಿಗೆ ಗೊತ್ತಿದ್ದ ಪ್ರಶ್ನೆ. ಎದೆಯುಬ್ಬಿತು. "ನಾಲ್ಕು ಮೂಟೆ! ನಮ್ಮದು ದೊಡ್ಡ ಕೈ ಅತ್ತೆ."

ಅಷ್ಟರಲ್ಲಿ ಹೊಲದ ಆ ತುದಿಯಿಂದ ಕಾಮರಾಜ್ ಸಲಿಕೆ ಹೊತ್ತು ಬಂದ. ತನ್ನ ಹೊಲದಲ್ಲಿ ಇಷ್ಟೊಂದು ಜನ ಏಕೆಂದು ಕೇಳಲು ಬಾಯಿ ತೆರೆದವನು ಮಾಯಾಂಡಿಯವರ ಕಣ್ಣು ನೋಡಿ ಮುಚ್ಚಿಕೊಂಡ.

"ಯಾರಪ್ಪಾ ನೀನು?" ಎಂದಳು ಕರುಪ್ಪಾಯಿ.

"ನಾನು... ಇಲ್ಲಿ ನೀರು ಕಟ್ಟಾಕೆ ಬರೋನು ಅಮ್ಮಾ."

"ದಿನಾ ಇಲ್ಲೇ ಇರ್ತೀಯಲ್ಲಾ, ನೀನಾದ್ರೂ ಒಂದು ಮಾತು ಹೇಳ್ಬಾರ್ದಾ? ಯಾವ ಮುಟ್ಠಾಳ ಹಾಕಿದ್ದು ಈ ಪಾಟಿ ಉರಾನ?"

ಕಾಮರಾಜ್ ತನ್ನ ಹೊಲವನ್ನೊಮ್ಮೆ ನೋಡಿದ. ಮಾಯಾಂಡಿಯವರನ್ನೊಮ್ಮೆ ನೋಡಿದ. ಸಲಿಕೆಯನ್ನು ನೆಲಕ್ಕೂರಿ ಬಹಳ ವಿನಯದಿಂದ, "ಇವ್ರೇ ಅಮ್ಮಾ" ಎಂದ.

ವ್ಯಾನಿನ ಪಕ್ಕದಲ್ಲಿದ್ದ ಚೆಲ್ಲಮ್ಮಾಳ್ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಕರುಪ್ಪಾಯಿ ಒಂದು ಎಲೆ ಕಿತ್ತು ಮಾಯಾಂಡಿಯವರ ಕೈಗೆ ಕೊಟ್ಟಳು. "ಗಿಡ ತಿಂದು ಕೊಬ್ಬಿದ್ರೆ ಮಕ್ಕಳು ಮಾಡಲ್ಲಪ್ಪಾ. ಸೊಪ್ಪು ಬೇಕಂದ್ರೆ ಕೀರೆ ಹಾಕಿದ್ರಾಗ್ತಿತ್ತು." ಆಮೇಲೆ ಮಗನ ಕಡೆ ತಿರುಗಿ ದನಿ ತಗ್ಗಿಸಿದಳು. ತಗ್ಗಿಸಿದರೂ ರಸ್ತೆಗೆ ಕೇಳಿಸಿತು. "ತಮಿಳಾ, ಹುಡುಗ ಒಳ್ಳೇವ್ನೇ. ಆದ್ರೆ ಹೊಲಕ್ಕೆ ಕಣ್ಮುಚ್ಚಿ ಸುರಿಯೋ ಮನೆ ಇದು. ಗಿಡಾನ ನೋಡ್ದೇ ಇರೋರು ಹುಡುಗೀನ ನೋಡ್ತಾರಾ? ಊರಿಗೆ ಹೋಗಿ ಮಾತಾಡಾಣ."

ಊರಿಗೆ ಹೋಗಿ ಮಾತಾಡಾಣ ಎಂದರೆ ಆ ಕಡೆ, ಇನ್ನು ಮಾತಿಲ್ಲ ಎಂದರ್ಥ. ಅಮುದಾ ತಲೆ ತಗ್ಗಿಸಿದಳು. ಜೀವಾ ಮತ್ತೆ ತಾಯಿಯನ್ನು ನೋಡಿದ. ಮಾಯಾಂಡಿಯವರ ಟವೆಲು ಯಾವ ಹೆಗಲಿಗೆ ಹೋಗಬೇಕೆಂದು ತಿಳಿಯದೆ ಕೈಯಲ್ಲೇ ನಿಂತಿತ್ತು.

ವ್ಯಾನಿಗೆ ಮರಳುತ್ತಿದ್ದ ಮುದುಕಿ ಪಕ್ಕದ ಬದುವಿನ ಬಳಿ ನಿಂತಳು. ಚೆಲ್ಲಮ್ಮಾಳ ಹೊಲ ಅದು. ಗಿಡಗಳು ಸೊಂಟದುದ್ದ, ತಿಳಿಯೂ ಅಲ್ಲದ ಕಡುವೂ ಅಲ್ಲದ ಹಸಿರು, ಕೆಳಗಿನ ಗಿಣ್ಣಿನಿಂದ ಮೇಲಕ್ಕೆ ಬಿಳಿ ಹೂಗಂಟೆಗಳು. ಜೇನು ಗುಂಯ್ಗುಡುತ್ತಿತ್ತು. ಕರುಪ್ಪಾಯಿ ಬಗ್ಗಿ, ಬುಡದ ಮಣ್ಣು ಕೆದಕಿ, ಬೆರಳಿನಿಂದ ಎಳೆದು ಮುಚ್ಚಿದ್ದ ಹಳೆಯ ಗೆರೆಯನ್ನು ಕಂಡಳು. ಒಂದು ಗಿಡವನ್ನು ಮಗುವಿನ ಗಲ್ಲದಂತೆ ಹಿಡಿದು ನೋಡಿದಳು.

"ಇದ್ಯಾರ್ದು?"

ಮಾಯಾಂಡಿಯವರು ಗಂಟಲು ಸರಿಮಾಡಿಕೊಂಡರು. "ಅದು... ಅದ್ಯಾರೋ ಒಂದು ಹೆಂಗ್ಸುದು ಅತ್ತೆ."

ಆ ಇಡೀ ಬೆಳಗ್ಗೆ ಅವರು ಆಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ.

ಕರುಪ್ಪಾಯಿ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತಳು. "ಆ ಹೆಂಗ್ಸಿಗೆ ಮದ್ವೆ ವಯ್ಸಿನ ಮಗ ಇದಾನಾ?"

ಕಾಮರಾಜ್ ಸಲಿಕೆಯ ಹಿಡಿಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದ.

"ಇದಾನೆ ಅತ್ತೆ" ಎಂದಳು ಚೆಲ್ಲಮ್ಮಾಳ್.

"ಏನು ಮಾಡ್ತಾನೆ?"

"ಕೊಡೈಕಾನಲ್‌ನಲ್ಲಿ ಹೋಟ್ಲು ಕೆಲ್ಸ."

"ಗುಣ ಎಂಗೆ?"

"ಪರವಾಯಿಲ್ಲ. ಅವ್ರಪ್ಪನಷ್ಟು ಸುಳ್ಳು ಹೇಳಲ್ಲ."

ಮುದುಕಿ ಜೀವಾನನ್ನು ನೋಡಿದಳು. ಜೀವಾ ನೆಲ ನೋಡಿದ. ಮುದುಕಿ ಮಾಯಾಂಡಿಯವರನ್ನು ನೋಡಿದಳು. ಮಾಯಾಂಡಿಯವರು ದೂರದ ಬೆಟ್ಟದಲ್ಲಿ ಏನೋ ಹುಡುಕಿದರು. ಚೆಲ್ಲಮ್ಮಾಳ್ ಸೆರಗಿನ ಗಂಟು ಬಿಚ್ಚಿ ನಾಲ್ಕು ಹಸಿರು ತುಂಡುಗಳನ್ನು ಕರುಪ್ಪಾಯಿಯ ಕೈಗಿಟ್ಟಳು. ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಲು ಹೇಳಿಕೊಟ್ಟಳು. ತುದಿಯಿಂದ ಮೂರನೆಯ ಎಲೆಗೆ ಹಿಡಿಯಬೇಕು, ತನ್ನ ನೆರಳಿನಲ್ಲೇ ನೋಡಬೇಕು. ಮುದುಕಿ ಇಲ್ಲಿ ಹಿಡಿದು ನೋಡಿದಳು, ಮೂರು. ಬದು ದಾಟಿ ಕಾಮರಾಜನ ಹೊಲದಲ್ಲಿ ಹಿಡಿದು ನೋಡಿದಳು, ನಾಲ್ಕು. ಮತ್ತೆ ಬಂದಳು.

"ಅರವತ್ತು ವರ್ಷದಿಂದ ನಾನು ಕಣ್ಣಲ್ಲೇ ನೋಡಿ ಹೇಳ್ತಿದ್ದೆ. ನನ್ನ ಮಕ್ಕಳಿಗೆ ಹೇಳಿಕೊಡಾಕೆ ಆಗ್ಲಿಲ್ಲ" ಎಂದಳು. "ನೀನು ಕಣ್ಣನ್ನ ಕತ್ರಿಸಿ ಕೈಗೆ ಕೊಟ್ಟಿದೀಯಲ್ಲಮ್ಮಾ!" ಆಮೇಲೆ ಮಾಯಾಂಡಿಯವರಿಗೆ, "ಈಗ ಹೇಳಪ್ಪಾ, ಈ ಹೊಲ ಯಾರ್ದು?"

"ನಮ್ಮ..."

"ಆಂ?"

"ಚೆಲ್ಲಮ್ಮಾಳ್‌ದು" ಎಂದರು ಮಾಯಾಂಡಿಯವರು.

"ಅವ್ಳದೇ ಇರ್ಲಿ. ಈ ಹೊಲದಲ್ಲಿ ಎಳ್ಳಿದ್ರೆ ಈ ಮನೇಲಿ ನಮ್ಮ ಹುಡ್ಗಿ ಇರ್ತಾಳೆ. ತಮಿಳಾ, ತಟ್ಟೆ ತೆಗಿ."

ತಾಂಬೂಲದ ತಟ್ಟೆ ಬದುವಿನ ಮೇಲೇ ಬದಲಾಯಿತು. ಕಾಮರಾಜ್, ಅಷ್ಟೊತ್ತಿಗೆ ತನ್ನ ಹೊಲ ತನಗೆ ವಾಪಸು ಬಂದಿದ್ದರೂ ಅದರಿಂದ ಸಂತೋಷವಾದವನಂತೆ ಕಾಣಲಿಲ್ಲ. "ಅಕ್ಕಾ, ಈಗ ಏನ್ ಮಾಡ್ಲಿ?" ಎಂದು ಚೆಲ್ಲಮ್ಮಾಳನ್ನು ಮೆಲ್ಲಗೆ ಕೇಳಿದ. "ಈ ವರ್ಷ ಏನೂ ಮಾಡ್ಬೇಡ ತಂಬಿ. ಬೇಡ್ಕೋ" ಎಂದಳು.

ಮಾಯಾಂಡಿಯವರು ಅಷ್ಟು ಸುಲಭಕ್ಕೆ ಸೋಲೊಪ್ಪುವವರಲ್ಲ. "ಕೊಯ್ಲಾಗ್ಲಿ ನೋಡಾಣ" ಎಂದು ಗೊಣಗುತ್ತಲೇ ಇದ್ದರು. ಎಳಿಲ್‌ಗೆ ಬೇಡವೆಂದು ಹೇಳಿಯೂ ಕಳಿಸಲಿಲ್ಲ. ವೈಕಾಸಿ ತಿಂಗಳ ಕೊನೆಗೆ, ಜೂನ್ ನಡುವಿನಲ್ಲಿ, ಕಣಿವೆಯ ಬಾಯಿಂದ ಗಾಳಿ ಎದ್ದಿತು. ಆ ಗಾಳಿ ಯಾರ ಫ್ಲೆಕ್ಸನ್ನೂ ಬಿಡುವುದಿಲ್ಲ. ಕಾಮರಾಜನ ಎಳ್ಳು ಇನ್ನೂ ಹಸಿರಾಗಿಯೇ ಇದ್ದು, ಒಂದೇ ಮಧ್ಯಾಹ್ನದಲ್ಲಿ ಚಾಪೆ ಹಾಸಿತು. ಚೆಲ್ಲಮ್ಮಾಳದು ಬಾಗಿ ಎದ್ದು ನಿಂತಿತು. ಒಣಗಿಸಿ, ತಲೆಕೆಳಗು ಮಾಡಿ ಕೊಡವಿದಾಗ ಅವಳ ಎರಡು ಎಕರೆಗೆ ಒಂಬತ್ತು ಮೂಟೆ ಎಳ್ಳು. ಕಾಮರಾಜನ ಎರಡು ಎಕರೆಗೆ ನಾಲ್ಕೂವರೆ. ಅವನು ಹೊಲಕ್ಕೆ ಹಾಕಿದ್ದು ನಾಲ್ಕು ಮೂಟೆ ಯೂರಿಯಾ, ಅವಳು ಹಾಕಿದ್ದು ಒಂದು ಮೂಟೆ ಮತ್ತು ಒಂದು ಬುಟ್ಟಿ. ಎರಡು ಮೂಟೆ ಇನ್ನೂ ಹೊಲಿಗೆ ಯಂತ್ರದ ಮುಂದೆ ಕೂರಲು ಅನುಕೂಲವಾಗಿದ್ದವು. ಎಳಿಲ್ ಟೇಪು ಸುತ್ತಿಕೊಂಡು ಬೇರೆ ಬದು ನೋಡಿಕೊಂಡ.

ಅಂದಿನಿಂದ ಟೀ ಅಂಗಡಿಯಲ್ಲಿ ಮಾಯಾಂಡಿಯವರ ಭಾಷಣ ಬದಲಾಗಿದೆ. ಅಂಗಿಯ ಜೇಬಿನಲ್ಲಿ ನಾಲ್ಕು ಹಸಿರು ತುಂಡು ಇಟ್ಟುಕೊಂಡು, "ನಮ್ಮ ಆರಾಯ್ಚಿಯಲ್ಲಿ ಕಂಡದ್ದೇನಂದ್ರೆ" ಎಂದು ಶುರುಮಾಡುತ್ತಾರೆ. ಆರಾಯ್ಚಿ ಎಂದರೆ ಸಂಶೋಧನೆ. ಆವಣಿಯಲ್ಲಿ, ಅಂದರೆ ಶ್ರಾವಣದಲ್ಲಿ, ಮಗನ ಮದುವೆಗೆ ಹಾಕಿಸಿದ ಫ್ಲೆಕ್ಸಿನಲ್ಲಿ ಅವರ ಹೆಸರಿನ ಕೆಳಗೆ ಇನ್ನೊಂದು ಬಿರುದು ಸೇರಿತು. ಚಿತ್ರವೂ ಒಂದು ಬೆರಳು ಬೆಳೆದು ವರನ ಸಮಕ್ಕೆ ಬಂದಿತ್ತು. ಕರುಪ್ಪಾಯಿ ಅದರ ಮುಂದೆ ನಿಂತು ಬಹಳ ಹೊತ್ತು ನೋಡಿ, "ಹೂವೆಲ್ಲಿ?" ಎಂದು ಕೇಳಿದಳಂತೆ.

ಎರಡು ವರ್ಷ ಅಪಪ್ರಚಾರ ಮಾಡಿದ ಪಾಪಕ್ಕೆ ಕ್ಷಮೆ ಕೇಳಲೆಂದು ಬರೆಯುವವನು ಆ ಮನೆಗೆ ಹೋದಾಗ ಚೆಲ್ಲಮ್ಮಾಳ್ ಯೂರಿಯಾ ಮೂಟೆಯ ಮೇಲೆ ಕೂತು ತೋಳಿಗೆ ಪಟ್ಟಿ ಹೊಲಿಯುತ್ತಿದ್ದಳು. ಸೊಸೆ ಅಮುದಾ ಹೊಲಕ್ಕೆ ಹೋಗಿದ್ದಳು, ತುಂಡುಗಳ ಸಮೇತ. ಮಾಯಾಂಡಿಯವರು ಜಗಲಿಯಲ್ಲಿ ಕೂತು, ತಮ್ಮ ಆರಾಯ್ಚಿಯ ಬಗ್ಗೆ ಪುಸ್ತಕದಲ್ಲಿ ಎಷ್ಟು ಪುಟ ಬರುತ್ತದೆಂದು ಎರಡು ಸಲ ವಿಚಾರಿಸಿದ್ದರು. ಚೆಲ್ಲಮ್ಮಾಳ್ ಕ್ಷಮೆಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಹಳೆಯ ತುಂಡುಗಳ ಇನ್ನೊಂದು ಜೊತೆ ತೆಗೆದು ತೋರಿಸಿದಳು. ಒಂದು ಹಸಿವು, ಎರಡು ತುತ್ತು, ಮೂರು ಸಾಕು, ನಾಲ್ಕು ಅಜೀರ್ಣ. ಎಲ್ಲ ತಿಳಿದುಕೊಂಡ ಮೇಲೆ ಸುಮ್ಮನೆ ಎದ್ದು ಬರಬೇಕಾಗಿತ್ತು. ಬರೆಯುವವರಿಗೆ ಆ ಅಭ್ಯಾಸವಿಲ್ಲ.

"ಅಕ್ಕಾ, ಈ ನಾಲ್ಕರಲ್ಲಿ ನಿಮ್ಮ ಯಜಮಾನರು ಎಷ್ಟನೇದು?"

ಚೆಲ್ಲಮ್ಮಾಳ್ ಯಂತ್ರ ನಿಲ್ಲಿಸಲಿಲ್ಲ. ಜಗಲಿಯ ಕಡೆ ಒಮ್ಮೆ ನೋಡಿದಳು, ಅಷ್ಟೆ.

"ನಾಲ್ಕು. ಇನ್ನೊಂದು ಹಿಡಿ ಬಿದ್ರೆ ಒರಗಿಬಿಡ್ತಾರೆ. ಬರೆಯೋವಾಗ ಕೈ ಬಿಗಿ ಹಿಡಿ."